ಟಿಫನ್ ಡಬ್ಬಿಯೂ ದಪ್ಪ ವಾಲ್ಯೂಮ್ ಕಂಟ್ರೋಲೂ

ಈ ವಿಷಯ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಒಮ್ಮೆ ಹಲ್ಲುನೋವು ಅಡ್ಡ ಬಂತು, ಒಮ್ಮೆ ಮೊಮ್ಮಗಳ ನಾಮಕರಣ ಬಂತು, ಉಳಿದ ದಿನಗಳಲ್ಲಿ ಏನೂ ಅಡ್ಡ ಬರದಿದ್ದರೂ ಹೇಳಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೆ ಯಾವ ಪಂಚಾಂಗದಲ್ಲೂ ಮುಹೂರ್ತ ಇರುವುದಿಲ್ಲ.

ನಾನು ಓದಿದ್ದು ಹೈಸ್ಕೂಲು. ಅಜ್ಜಂಪುರದಲ್ಲಿ ರೇಡಿಯೋ ರಿಪೇರಿ ಮಾಡುತ್ತಲೇ ಮುದುಕನಾದೆ. ಜನ ರೇಡಿಯೋ ಬಿಟ್ಟ ಮೇಲೆ ಕೈ ಸುಮ್ಮನಿರಲಾರದೆ ಗಿಟಾರಿಗೆ ಪೆಡಲ್ ಮಾಡಲು ಹಿಡಿದೆ. ಪೆಡಲ್ ಎಂದರೆ ಸೈಕಲ್ಲಿನದಲ್ಲ. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಡುವ ಡಬ್ಬಿ. ಕಾಲಲ್ಲಿ ಸ್ವಿಚ್ ತುಳಿದರೆ ಗಿಟಾರಿನ ಸದ್ದಿಗೆ ಗಂಟಲು ಕಟ್ಟಿದಂಥ ಗೊರಗೊರ ಬರುತ್ತದೆ. ರೇಡಿಯೋದೊಳಗಿಂದ ತೆಗೆಯಲು ನಾನು ಜೀವಮಾನವಿಡೀ ಹೆಣಗಿದ ಗೊರಗೊರವನ್ನೇ ಈಗಿನವರು ಕೇಳಿ ಹಾಕಿಸಿಕೊಳ್ಳುತ್ತಾರೆ.

ಮೊದಲ ಗಿರಾಕಿ ತರೀಕೆರೆಯವನು, ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಹೆಸರು ಆಮೇಲೆ ಹೇಳುತ್ತೇನೆ, ಧೈರ್ಯ ಉಳಿದಿದ್ದರೆ. ಗೊರಗೊರ ಹೆಚ್ಚು ಕಡಿಮೆ ಮಾಡಲು ಮುಚ್ಚಳದಲ್ಲಿ ತಿರುಗಿಸುವ ಮೂರು ಗುಂಡಿ ಬೇಕು. ಗುಂಡಿಯ ಕೆಳಗೆ ಕೂರುವ ಭಾಗಕ್ಕೆ ಅವನು ಪಾಟ್ ಅನ್ನುತ್ತಾನೆ, ನಮಗದು ವಾಲ್ಯೂಮ್ ಕಂಟ್ರೋಲು. ದೊಡ್ಡದು ಹಳೇ ರೂಪಾಯಿ ನಾಣ್ಯದಗಲ, ಸಣ್ಣದು ಹುಣಸೆಬೀಜಕ್ಕಿಂತ ಒಂಚೂರು ದೊಡ್ಡದು. "ಯಜಮಾನ್ರೇ, ಸಣ್ಣವೇ ಹಾಕಿ. ಒಳಗೆ ಜಾಗ ಬೇಕಲ್ಲ," ಎಂದ. "ನೀನು ತಂತಿ ಮೀಟು, ಒಳಗಿಂದು ನಂಗೆ ಬಿಡು. ದಪ್ಪಗಿದ್ರೆ ಬಾಳಿಕೆ ಕಣೋ," ಎಂದೆ. ನಿಜವೆಂದರೆ ಸತ್ತ ರೇಡಿಯೋಗಳಿಂದ ಬಿಚ್ಚಿದ ದೊಡ್ಡವು ನನ್ನ ಹತ್ತಿರ ಡ್ರಾಯರ್ ತುಂಬ ಇದ್ದವು. ಸಣ್ಣವನ್ನು ಶಿವಮೊಗ್ಗದಿಂದ ತರಿಸಬೇಕಿತ್ತು.

ಪೆಡಲಿನ ಡಬ್ಬಿಗೆಂದು ಆರಿಸಿದ್ದು ಹೆಂಡತಿಯ ಸ್ಟೀಲ್ ಟಿಫನ್ ಡಬ್ಬಿ. ಅಗಲ ಅಳೆದೆ, ಮೂರೂ ಕೂತವು. ಆಳ ಅಳೆಯಲಿಲ್ಲ. ಮುಚ್ಚಳ ಹಾಕಿದರೆ ಕಂಟ್ರೋಲುಗಳ ಬೆನ್ನು ಕೆಳಗಿನ ಸರ್ಕ್ಯೂಟ್ ಬೋರ್ಡಿನ ಬೆಸುಗೆಗಳಿಗೆ ತಾಗುವಂತಿತ್ತು. ತಾಗಿದರೆ ಸದ್ದು ಸಾಯುತ್ತದೆ. ನಡುವೆ ಯಾರದೋ ಲಗ್ನಪತ್ರಿಕೆಯ ರಟ್ಟು ತುರುಕಿ, ಮುಚ್ಚಳವನ್ನು ಮಂಡಿಯಲ್ಲಿ ಒತ್ತಿ ಹಿಡಿದು ಸ್ಕ್ರೂ ಬಿಗಿದೆ. ಹೆಂಡತಿ ನೋಡಿ, "ಮುಚ್ಚೋಕೆ ಮಂಡಿ ಬೇಕಾದ್ರೆ ಡಬ್ಬಿ ತಪ್ಪಲ್ಲ ಕಣ್ರೀ, ತುಂಬ್ದೋರ್ ತಪ್ಪು," ಎಂದಳು. ಅವಳಿಗೆ ಎಲೆಕ್ಟ್ರಾನಿಕ್ಸ್ ತಿಳಿಯದೆಂದು ಸಮಾಧಾನ ಮಾಡಿಕೊಂಡೆ.

ಕಡೂರಿನ ಒಂದು ಆರತಕ್ಷತೆಗೆ ನನ್ನ ಡಬ್ಬಿಯ ದನಿ ಕೇಳಲೆಂದೇ ಹೋದೆ. ಗಿಟಾರಿನವನು ಒಬ್ಬನೇ ನುಡಿಸುವ ಭಾಗ ಬಂತು. ಸ್ವಿಚ್ ತುಳಿದ. ಗಿಟಾರ್ ಮೂಕವಾಯಿತು. ಮತ್ತೆ ತುಳಿದ, ಊಟದ ಮನೆಯಿಂದ "ಸಾರು, ಸಾರು" ಎನ್ನುವುದಷ್ಟೇ ಕೇಳಿಸಿತು. ಆರ್ಕೆಸ್ಟ್ರಾದ ಮಾಲೀಕ ನನ್ನ ಹತ್ತಿರ ಬಂದು, "ಏನ್ರೀ, ನಿಮ್ಮ ಡಬ್ಬಿ ಹಿಂಗೆ ಕೈ ಕೊಡ್ತಲ್ಲ," ಎಂದ. ನನಗೆ ರಟ್ಟು ನೆನಪಾಯಿತು. ಬಾಯಿಗೆ ಬಂದದ್ದು ಬೇರೆ: "ಡಬ್ಬಿ ಸರಿಯಾಗೈತೆ. ಇವನು ಎಮ್ಮೆ ತುಳಿದಂಗೆ ತುಳಿದ್ರೆ ಯಾವ್ದು ಉಳೀತದೆ?" ಸುತ್ತಲಿದ್ದವರು ನಕ್ಕರು. ಗಿಟಾರಿನವನೂ ನಕ್ಕು, "ಕಾಲು ಜೋರಾಯ್ತೇನೋ ಬಿಡಿ," ಎಂದ. ಮುಂದಿನ ಮದುವೆಯಲ್ಲಿ ಗಿಟಾರಿನ ಸದ್ದನ್ನೂ ಕೀಬೋರ್ಡೇ ಹೊರಡಿಸಿತು. ಮಾಲೀಕ ಅವನನ್ನು ಮತ್ತೆ ಕರೆಯಲಿಲ್ಲ.

ಆರತಕ್ಷತೆಯಿಂದ ಮನೆಗೆ ತಂದು ಡಬ್ಬಿ ಬಿಚ್ಚಿದೆ. ರಟ್ಟಿನಲ್ಲಿ ವಧೂವರರ ಹೆಸರಿನ ನಡುವೆ ದುಂಡಗೆ ತೂತು ಬಿದ್ದಿತ್ತು. ರಟ್ಟನ್ನು ಒಲೆಗೆ ಹಾಕಿ, ಸಣ್ಣ ಕಂಟ್ರೋಲುಗಳನ್ನು ತರಿಸಿ ಕೂರಿಸಿದೆ. ಮುಚ್ಚಳ ಎರಡು ಬೆರಳಲ್ಲಿ ಮುಚ್ಚಿತು. "ಸರ್ವೀಸ್ ಮಾಡಿದೀನಿ, ಇನ್ಮೇಲೆ ಮೆತ್ತಗೆ ತುಳಿ," ಎಂದು ಕೊಟ್ಟೆ. ಅವನು ಕೈಮುಗಿದು ತೆಗೆದುಕೊಂಡ.

ಮೊನ್ನೆ ಸಖರಾಯಪಟ್ಟಣದ ಒಂದು ಹುಟ್ಟುಹಬ್ಬದಲ್ಲಿ ಅವನು ಒಬ್ಬನೇ ಕೂತು ನುಡಿಸುತ್ತಿದ್ದ. ಚಪ್ಪಲಿ ಬಿಚ್ಚಿಟ್ಟು, ಮಲಗಿದ ಮಗುವನ್ನು ದಾಟುವವನಂತೆ, ಹೆಬ್ಬೆರಳಿನಲ್ಲಿ ಸ್ವಿಚ್ ಒತ್ತುತ್ತಿದ್ದ. ನನ್ನನ್ನು ಕಂಡು, "ನೋಡಿ ಯಜಮಾನ್ರೇ, ನೀವು ಹೇಳಿದಂಗೇ ತುಳೀತಿದೀನಿ," ಎಂದ. "ಹಂಗೇ ಇರ್ಲಿ," ಎಂದು ಪಾಯಸ ಕುಡಿದು ಬಂದೆ.

ಈಗ ಬರುವ ಗಿರಾಕಿಗಳು ಯಾವ ಸೈಜಿನ ಕಂಟ್ರೋಲು ಎಂದು ಕೇಳಿದರೆ, ಸಣ್ಣದೇ ಎನ್ನುತ್ತೇನೆ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದರೆ, ಅನುಭವ ಎಂದು ಗತ್ತಿನಿಂದ ತಲೆಯಾಡಿಸುತ್ತೇನೆ. ಆ ಅನುಭವ ತರೀಕೆರೆಯಲ್ಲಿದೆ. ಅದರ ಹೆಸರು ಸಾದಿಕ್.