ಸರ್ ಅವರ ಕರಿ ಪರದೆ

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಸ್ಟೇಶನರಿ ಅಂಗಡಿಯ ಮೇಲೆ ನಮ್ಮ ಆಫೀಸು. ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಇರುವುದು ಇಬ್ಬರೇ, ಸರ್ ಮತ್ತು ನಾನು. ಇಬ್ಬರೇ ಇದ್ದರೂ ವಾರಕ್ಕೊಮ್ಮೆಯಾದರೂ ನಗುವಂಥದ್ದು ಏನಾದರೂ ನಡೆದೇ ನಡೆಯುತ್ತದೆ. ಈಚೀಚೆಗೆ ಅಳಬೇಕಾದ ಕಡೆಯಲ್ಲೇ ನಡೆಯತೊಡಗಿದೆ, ಅಷ್ಟೇ ವ್ಯತ್ಯಾಸ.

೧. ಕೆಟ್ಟ ಕಂಪ್ಯೂಟರು

ನಾವು ಮಾಡಿದ ವೆಬ್‌ಸೈಟುಗಳು ಇರುವುದು ಎಲ್ಲೋ ದೂರದ ಸರ್ವರಿನಲ್ಲಿ. ಇಲ್ಲಿ ಕೂತು ಅದರೊಳಗೆ ಭದ್ರವಾಗಿ ಹೋಗಿ ಬರಲು ಒಂದು ಸಾಫ್ಟ್‌ವೇರ್ ಬೇಕು. ನನ್ನದು ಎರಡು ಕಿಟಕಿಯದ್ದು. ಎಡಕ್ಕೆ ನಮ್ಮ ಕಂಪ್ಯೂಟರು, ಬಲಕ್ಕೆ ಸರ್ವರು. ಫೈಲನ್ನು ಮೌಸಿನಿಂದ ಎಳೆದು ಆ ಕಡೆ ಬಿಟ್ಟರೆ ಆಯಿತು. ಸರ್ ಅವರದು ಬರೀ ಕರಿ ಪರದೆ. ಚಿತ್ರವಿಲ್ಲ, ಬಟನ್ನಿಲ್ಲ, ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಯಾವುದು ಮೇಲು ಅಂತ ನಮ್ಮಿಬ್ಬರಲ್ಲಿ ದಿನಾ ವಾದ.

ಒಮ್ಮೆ ಸೀರೆ ಅಂಗಡಿಯ ಮಾಲೀಕರೊಬ್ಬರು ಬಂದು ಎರಡೂ ಪರದೆಗಳನ್ನು ನೋಡಿದರು. ಹೋಗುವಾಗ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಮೆಲ್ಲಗೆ, "ತಂಗಿ, ನಿನಗ ಕೆಲಸ ಕಲಿಸಿದಾವ್ರು ಅವರು. ಚೊಲೋ ಕಂಪ್ಯೂಟರ್ ನೀ ಇಟ್ಕೊಂಡು ಕೆಟ್ಟದ್ದನ್ನ ಅವರಿಗೆ ಕೊಡಬಾರದವಾ" ಎಂದರು.

೨. ನಮ್ಮ ಶಿಕ್ಷಕರು

ಹುನಗುಂದದ ಕಡೆಯ ಒಂದು ಶಾಲೆಯದು, ಒಂದು ಕುರಿ ಸಾಕುವವರ ಸಂಘದ್ದು, ಎರಡೂ ಸೈಟು ಒಂದೇ ದಿನ ಮುಗಿಯಬೇಕಿತ್ತು. ಶಾಲೆಯ ಫೋಟೋಗಳು ಮೂರನೇ ನಂಬರಿನ ಫೋಲ್ಡರಿನಲ್ಲಿ, ಕುರಿಗಳವು ಎಂಟನೆಯದರಲ್ಲಿ. ಸರ್ ಎಂಟನ್ನು ಮೂರು ಎಂದು ಓದಿಬಿಟ್ಟರು. ಮರುದಿನ ಶಾಲೆಯ ಸೈಟಿನಲ್ಲಿ "ನಮ್ಮ ಶಿಕ್ಷಕರು" ಎಂಬ ಪುಟ ತೆರೆದರೆ ಹನ್ನೊಂದು ಹೆಸರು, ಹನ್ನೊಂದು ಕುರಿ.

ನಾನು ಹೊಟ್ಟೆ ಹಿಡಿದು ನಕ್ಕೆ. ಸರ್ ನಗಲಿಲ್ಲ. ಅಂಗೈಯಿಂದ ಒಂದು ಕಣ್ಣು ಮುಚ್ಚಿ ಪರದೆ ನೋಡಿದರು, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದರು. ಬಲಗಣ್ಣಿಗೆ ಏನೂ ಕಾಣುತ್ತಿಲ್ಲ ಎಂದರು. ಶುಗರ್ ಅವರಿಗೆ ಮೊದಲಿನಿಂದಲೂ ಇತ್ತು. ಬಾಗಲಕೋಟೆಯ ಕಣ್ಣಿನ ಡಾಕ್ಟರು, ಹೋದದ್ದು ತಿರುಗಿ ಬರುವುದಿಲ್ಲ ಎಂದರಂತೆ. ಎಡಗಣ್ಣು ಇಂಜೆಕ್ಷನ್ನಿನಿಂದ ಉಳಿಯುತ್ತದೆ ಎಂದು ಸರ್ ನನಗೂ ಹೇಳಿದರು, ಮನೆಯಲ್ಲೂ ಹೇಳಿದರು.

ಆಮೇಲೆ ಹೆಡ್ ಮಾಸ್ತರರಿಗೆ ತಾವೇ ಫೋನ್ ಮಾಡಿ, ಕಣ್ಣಿನ ವಿಷಯ ತಿಳಿಸಿ, ತಪ್ಪಾಯಿತು ಎಂದರು. ಸಿಟ್ಟಿಗೆದ್ದಿದ್ದ ಹೆಡ್ ಮಾಸ್ತರರ ದನಿ ಇಳಿಯಿತಂತೆ. ಕೊನೆಗೆ, "ಉಳಿದಾವ್ರದು ಬದಲಿ ಮಾಡ್ರಿ ಸರ್. ನನ್ನ ಹೆಸರಿನ ಮ್ಯಾಲಿನ ಟಗರು ಇರಲಿ ಬಿಡ್ರಿ, ಚೊಲೋ ಕಾಣತೈತಿ" ಎಂದರಂತೆ.

೩. ವಾದ ಗೆದ್ದದ್ದು

ಎಡಗಣ್ಣಿಗೂ ಅಕ್ಷರ ಮಂಜಾಗತೊಡಗಿದಾಗ, ಪರದೆಯ ಮೇಲಿನದನ್ನು ಕಂಪ್ಯೂಟರೇ ಗಟ್ಟಿಯಾಗಿ ಓದುವ ಒಂದು ಸಾಫ್ಟ್‌ವೇರನ್ನು ನಾನು ಹಾಕಿಕೊಟ್ಟೆ. ಸರ್ವರಿಗೆ ಹೋಗುವ ದಾರಿಗಳಲ್ಲಿ ಸರ್ ಅವರಿಗೆ ಯಾವುದು ಆದೀತು ಎಂದು ಒಂದು ಮಧ್ಯಾಹ್ನ ಹೋಲಿಸಿ ನೋಡಲು ಕೂತೆವು.

ನನ್ನ ಎರಡು ಕಿಟಕಿಯನ್ನು ತೆರೆದರೆ ಆ ಧ್ವನಿ "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತ ಹೋಯಿತು, ಯಾವ ಬಟನ್ ಎಂದು ಹೇಳಲಿಲ್ಲ. ಇನ್ನೊಂದು ದಾರಿ ಬ್ರೌಸರಿನಲ್ಲಿ ತೆರೆಯುವ ಸರ್ವರಿನ ಪ್ಯಾನೆಲ್ಲು; ಅಲ್ಲಿ ಆ ಧ್ವನಿ ಮೆನುವನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ, ಬಹಳ ಹೊತ್ತು ಯಾರೂ ಮುಟ್ಟಿಲ್ಲವೆಂದು ಭದ್ರತೆಗಾಗಿ ಅದೇ ನಮ್ಮನ್ನು ಹೊರಗೆ ಹಾಕಿತು. ಕರಿ ಪರದೆಯಲ್ಲಿ ಮಾತ್ರ ಒಂದೊಂದು ಸಾಲೂ ಸ್ವಚ್ಛ ಕೇಳಿಸಿತು.

ಸೋತೆ ಎಂದು ಒಪ್ಪಿಕೊಂಡೆ. ಸರ್ ಕುರ್ಚಿಗೆ ಒರಗಿ, "ಇಷ್ಟು ವರ್ಷ ವಾದ ಮಾಡಿದ್ರೂ ಗೆದ್ದಿದ್ದಿಲ್ಲ. ಗೆಲ್ಲಾಕ ಒಂದು ಕಣ್ಣು ಕೊಡಬೇಕಾತು ನೋಡು" ಎಂದು ನಕ್ಕರು. ಚಹಾ ಹೇಳಿ ಬರುತ್ತೇನೆಂದು ಕೆಳಗೆ ಹೋದೆ. ಕಣ್ಣೊರೆಸಿಕೊಂಡು ಮೇಲೆ ಬಂದರೆ ಚಹಾ ಹೇಳುವುದನ್ನೇ ಮರೆತಿದ್ದೆ.

೪. ಪಾಸ್‌ವರ್ಡ್

ಕರಿ ಪರದೆಯಲ್ಲಿ ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕಿಯೂ ಮೂಡುವುದಿಲ್ಲ. ಭದ್ರತೆ ಅಂದರೆ ಇದು ಎಂದು ಸರ್ ಹೆಮ್ಮೆಪಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸುತ್ತಿದ್ದರು, ನನಗೂ ಹೇಳುತ್ತಿರಲಿಲ್ಲ.

ಟೈಪ್ ಮಾಡುವಾಗ ತಪ್ಪದಿರಲಿ ಎಂದು ಒಂದು ದಿನ ನಾನು, ಒತ್ತಿದ ಅಕ್ಷರವನ್ನೆಲ್ಲ ಓದಿ ಹೇಳುವ ಹಾಗೆ ಅವರ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದೆ. ಅವತ್ತು ಸರ್ ಅವರ ಹೆಂಡತಿ ಊಟದ ಡಬ್ಬಿ ತಂದು ಅಲ್ಲೇ ಕೂತಿದ್ದರು. ಅವರನ್ನು ನಾನು ಅಕ್ಕಾರ ಎನ್ನುತ್ತೇನೆ. ಸರ್ ಸರ್ವರಿಗೆ ಹೋಗಲು ಪಾಸ್‌ವರ್ಡ್ ಒತ್ತಿದರು. ಬೆರಳುಗಳು ಓಡಿ ಮುಗಿಸಿದ ಮೇಲೆ, ತಡವಾಗಿ ಆ ಧ್ವನಿ ಎಚ್, ಇ, ಎನ್, ಡಿ ಎಂದು ಇಂಗ್ಲಿಷಿನ ಒಂದೊಂದೇ ಅಕ್ಷರವನ್ನು ಇಡೀ ಆಫೀಸಿಗೆ ಕೇಳುವಂತೆ ಹೇಳತೊಡಗಿತು. ನಿಲ್ಲಿಸಲು ಹೋದೆ, ಗಡಿಬಿಡಿಯಲ್ಲಿ ಆಗಲಿಲ್ಲ.

ಅಕ್ಕಾರ ಮ್ಯಾಟ್ರಿಕ್ ಓದಿದವರು. ಅಕ್ಷರಗಳನ್ನು ತುಟಿಯಲ್ಲೇ ಕೂಡಿಸುತ್ತ ಬಂದು ಪೂರ್ತಿ ಓದಿದರು: "ಹೆಂಡತಿಗೆ ಹೇಳಬೇಡ."

ಆಮೇಲೆ, "ಏನು ಹೇಳಬಾರದ್ರಿ?" ಎಂದು ಕೇಳಿದರು.

ಸರ್ ಕೀಬೋರ್ಡಿನಿಂದ ಕೈ ತೆಗೆಯದೆಯೇ ಎಲ್ಲ ಹೇಳಿದರು. ಎಡಗಣ್ಣೂ ಉಳಿಯುವುದಿಲ್ಲ, ವರ್ಷ ತುಂಬುವುದರೊಳಗೆ ಅದೂ ಹೋಗುತ್ತದೆ ಎಂದು ಬಾಗಲಕೋಟೆಯ ಡಾಕ್ಟರು ಮೊದಲ ಭೇಟಿಯಲ್ಲೇ ಹೇಳಿದ್ದರಂತೆ. ಮನೆಯಲ್ಲಿ ಎಲ್ಲಿ ಬಾಯಿ ತಪ್ಪಿ ಬರುತ್ತದೋ ಎಂದು ಹೆದರಿ, ದಿನಕ್ಕೆ ಹತ್ತು ಸಲ ಒತ್ತುವ ಪಾಸ್‌ವರ್ಡಿನಲ್ಲೇ ಆ ಎಚ್ಚರಿಕೆಯನ್ನು ಇಟ್ಟುಕೊಂಡಿದ್ದರು.

ಅಕ್ಕಾರ ಡಬ್ಬಿಯ ಮುಚ್ಚಳ ಹಾಕಿ ಬದಿಗಿಟ್ಟರು.

"ನನಗ ಗೊತ್ತೈತ್ರಿ" ಎಂದರು. "ದಿನಾ ಮುಂಜಾನೆ ನನ್ನ ಕಡೆ ನೋಡಿ, ಈ ಸೀರಿ ಭಾಳ ಒಪ್ಪತೈತಿ ಅಂತೀರಿ. ಎರಡು ವಾರಾತು, ಮುಂಜಾನೆ ನಾ ನೈಟಿ ಮ್ಯಾಲ ಇರ್ತೇನಿ."

ಕೆಳಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಸರ್ ಹೆಂಡತಿಯ ದನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದರು:

"ಖರೆ ಹೇಳು, ನೈಟಿ ಒಪ್ಪಿತ್ತೋ ಇಲ್ಲೋ?"