ಸೆರಗಿಲ್ಲದೆ ಹಾಲು ಕುಡಿಯದ ಮರಿ

ಮಗ್ಗದವರ ಮನೆಯೆಂದರೆ ಓಣಿಯವರಿಗೆಲ್ಲ ಕೀಲಿ ಹಾಕದ ಮನೆ. ಹಗಲಿಡೀ ಯಾರಾದರೊಬ್ಬರು ಇದ್ದೇ ಇರುತ್ತೇವೆ ಎಂಬ ಧೈರ್ಯದಿಂದ ಇಳಕಲ್ಲಿನ ನಮ್ಮ ಓಣಿಯ ಜನ ಊರಿಗೆ ಹೋಗುವಾಗ ಬೆಕ್ಕನ್ನು ಬಿಟ್ಟು ಹೋಗುತ್ತಾರೆ, ಒಣಹಾಕಿದ ಹಪ್ಪಳ ಬಿಟ್ಟು ಹೋಗುತ್ತಾರೆ. ಒಬ್ಬರಂತೂ ತಮ್ಮ ಮಾವನನ್ನೇ ಬಿಟ್ಟು ಹೋಗಿದ್ದರು. ಹೀಗಾಗಿ ನಮ್ಮಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ಈ ಸಲ ನಕ್ಕಷ್ಟೇ ಬೆರಗೂ ಆದೆ. ಅದಕ್ಕೆ ಕಾರಣ ಒಂದು ಆಡಿನ ಮರಿ.

೧. ಮಾಸ್ತರರ ಪಾಠ

ಪಕ್ಕದ ಮನೆಯ ಚಾಚಿಯ ಆಡು ಮೂರು ಮರಿ ಹಾಕಿತು. ಎರಡು ಮರಿಗಳು ಎದ್ದು ನಿಂತವೇ ಕೆಚ್ಚಲಿಗೆ ಬಾಯಿ ಹಾಕಿದವು. ಮೂರನೆಯದಕ್ಕೆ ತಲೆ ಎತ್ತುವ ತ್ರಾಣವೂ ಇರಲಿಲ್ಲ. ತಾಯಿ ಅದನ್ನು ಮೂಸಿ ನೋಡಿ, ಕೊಂಬಿನಿಂದ ಅತ್ತ ಸರಿಸಿಬಿಟ್ಟಿತು. ಚಾಚಿಗೆ ಬಳೆ ಮಾರಲು ಹುನಗುಂದದ ಸಂತೆಗೆ ಹೋಗಲೇಬೇಕಿತ್ತು. ಮರಿಯನ್ನು ಗೋಣಿಚೀಲದಲ್ಲಿ ಸುತ್ತಿ, ತಾಯಿಯಿಂದ ಕರೆದ ಗಿಣ್ಣದ ಹಾಲು, ಮೊಮ್ಮಗ ಕುಡಿದು ಬಿಟ್ಟ ಹಳೆಯ ಬಾಟಲಿ ಎಲ್ಲವನ್ನೂ ತಂದು ನನ್ನ ಹೆಂಡತಿಯ ಮುಂದಿಟ್ಟರು.

"ತಂಗಿ, ಬಾಯಿ ತಣ್ಣಗ ಐತಿ. ಮೊದಲು ಬೆಚ್ಚಗ ಮಾಡು, ಆಮ್ಯಾಲೆ ಹಾಲು. ಮಲಗಿಸಿ ಕುಡಸಬ್ಯಾಡ, ಎದಿಗೆ ಹೋಗ್ತೈತಿ. ನಿಂದರಿಸಿ ಗದ್ದ ಮ್ಯಾಲೆ ಎತ್ತು. ಸಂಜೀತನಕ ಏನೂ ಕುಡೀಲಿಲ್ಲಂದ್ರ ಉಳಿಯಂಗಿಲ್ಲ ನೋಡು."

ಬೆಚ್ಚಗೆ ಮಾಡಿದ್ದಾಯಿತು, ನಿಲ್ಲಿಸಿದ್ದಾಯಿತು, ಗದ್ದ ಎತ್ತಿದ್ದಾಯಿತು. ಬಾಟಲಿಯ ಮೊಲೆ ಬಾಯಿಗಿಟ್ಟರೆ ಮರಿ ಅದನ್ನು ನಾಲಿಗೆಯಿಂದ ಹೊರಗೆ ನೂಕುತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಮಾಸ್ತರರು ಬಂದರು. ಕಲಿಯದವರನ್ನು ಕಂಡರೆ ಅವರಿಗೆ ಕೈ ಕಟ್ಟಿ ಕೂಡಲು ಆಗುವುದಿಲ್ಲ.

"ಅದಕ್ಕ ತೋರಿಸಿ ಕೊಟ್ಟವರು ಯಾರ್ಲೇ? ಮಾಡಿ ತೋರಿಸಬೇಕು, ಅಂದ್ರ ಕಲೀತೈತಿ" ಎನ್ನುತ್ತ ಬಾಟಲಿಗೆ ಹಾಕಿ ಉಳಿದು ಲೋಟದಲ್ಲಿದ್ದ ಗಿಣ್ಣಕ್ಕೆ ಒಂದು ಹೀರುಗೊಳವೆ ಹಾಕಿ, ಮರಿಯ ಮೂತಿಯ ಮುಂದೆ ಕುಳಿತರು. "ಇಲ್ಲಿ ನೋಡು. ಹಿಂಗ ತುಟಿ ಕೂಡಸಬೇಕು. ಹಿಂಗ ಎಳೀಬೇಕು." ಮರಿ ನೋಡುತ್ತಲೇ ಇತ್ತು. ಮಾಸ್ತರರು ಮತ್ತೊಮ್ಮೆ ಎಳೆದು ತೋರಿಸಿದರು. ಪಾಠ ಮುಗಿದಾಗ ಲೋಟದ ತಳ ಕಾಣುತ್ತಿತ್ತು.

"ತಿಳೀತೇನು ಅದಕ್ಕ?" ಎಂದು ನಾನು ಕೇಳಿದೆ.

"ಅದಕ್ಕ ಇನ್ನೂ ತಿಳಿದಿಲ್ಲ" ಎಂದು ಮೀಸೆ ಒರೆಸಿಕೊಂಡರು. "ಆದ್ರ ಒಂದೀಟು ಬೆಲ್ಲ, ಯಾಲಕ್ಕಿ ಹಾಕಿದ್ರ ಭಾಳ ಚೊಲೋ ಆಕ್ಕಿತ್ತು."

೨. ಹೆಬ್ಬೆರಳು

ಮಧ್ಯಾಹ್ನವಾಯಿತು. ಮರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಹೆಂಡತಿಯ ಮುಖ ನೋಡಲಾಗದೆ ನಾನು ಮಗ್ಗಕ್ಕೆ ಇಳಿದೆ. ನಮ್ಮದು ಕುಣಿ ಮಗ್ಗ. ನೆಲಕ್ಕೆ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಗುಂಡಿ ಬೆಚ್ಚಗಿರುತ್ತದೆ ಎಂದು ಹೆಂಡತಿ ಮರಿಯನ್ನೂ ಗೋಣಿಯ ಸಮೇತ ನನ್ನ ಕಾಲ ಬುಡದಲ್ಲಿ ಇಟ್ಟಳು.

ನಾಲ್ಕು ಎಳೆ ನೇಯ್ದಿದ್ದೆನೋ ಇಲ್ಲವೋ, ಕೆಳಗೆ ಏನೋ ತಡಕಾಡಿದಂತಾಯಿತು. ಮೊಣಕಾಲಿಗೆ ಒಂದು ಗುದ್ದು. ಮೀನಖಂಡಕ್ಕೆ ಒಂದು ಗುದ್ದು. ಆಮೇಲೆ ನನ್ನ ಕಾಲಿನ ಹೆಬ್ಬೆರಳು ಬೆಚ್ಚನೆಯ, ಒದ್ದೆಯಾದ ಯಾವುದರೊಳಗೋ ಹೋಯಿತು. ಮುಂದಿನ ಕ್ಷಣ ಅದು ಎಳೆಯತೊಡಗಿತು ನೋಡಿ! ನನ್ನ ಅಂಗೈಯಷ್ಟು ಅಗಲವಿಲ್ಲದ ಜೀವ, ಬೆಳಗಿನಿಂದ ಸಾಯುವ ಹಾಗೆ ಬಿದ್ದಿದ್ದ ಜೀವ. ಆ ಬಾಯಲ್ಲಿ ಅಷ್ಟು ಜೋರು ಎಲ್ಲಿತ್ತು? ನನಗೆ ಮೈ ಜುಮ್ಮೆಂದಿತು. ಲಾಳಿ ಕೈಯಲ್ಲೇ ಉಳಿಯಿತು.

"ಬಾಟ್ಲಿ ತಾ! ಲಗೂ ತಾ! ನನ್ನ ಬೆರಳು ಕುಡ್ಯಾಕತ್ತೈತಿ!" ಎಂದು ಕೂಗಿಕೊಂಡೆ.

ಹೆಂಡತಿ ಓಡಿ ಬಂದು, ಗುಂಡಿಯೊಳಗೆ ಬಗ್ಗಿ, ಬೆರಳು ಸರಿಸಿ ಆ ಜಾಗಕ್ಕೆ ಬಾಟಲಿಯ ಮೊಲೆ ಇಟ್ಟಳು. ಮರಿ ಬಿಡಲಿಲ್ಲ. ಹಾಲಿನ ಗುಳ್ಳೆ ಬುಳಬುಳ ಮೇಲೇರುವುದನ್ನು ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮರಿ ಕುಡಿದು ಮುಗಿಸಿದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕಾಲು ನೋಡಿದಳು.

"ನಾ ಬಾಟ್ಲಿ ತಿಕ್ಕಿ ತೊಳದು, ಕುದಿಸಿ ಕೊಟ್ರ ಒಲ್ಲೆ ಅಂತು. ನೀವು ಜಳಕಾ ಆದ್ರೂ ಮಾಡೀರೇನ್ರಿ ಇವತ್ತು?"

೩. ಕತ್ತಲಿನ ಸಾಲೆ

ತಾಯಿ ಆಮೇಲೂ ಮರಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲವಾದ್ದರಿಂದ ಅದು ನಮ್ಮಲ್ಲೇ ಉಳಿಯಿತು. ಗುಂಡಿಯೊಳಗೆ ಚೆನ್ನಾಗಿ ಕುಡಿಯುತ್ತಿತ್ತು. ಅಂಗಳದ ಬಿಸಿಲಿಗೆ ತಂದರೆ ಮತ್ತೆ ಅದೇ ಹಟ. ಒಂದು ದಿನ ಹೆಂಡತಿ ಬೇಸತ್ತು ತನ್ನ ಸೆರಗನ್ನು ಅದರ ತಲೆಯ ಮೇಲೆ ಹಾಕಿದಳು. ತಕ್ಷಣ ಒಳಗಿನಿಂದ ಚಪ್ಪರಿಸುವ ಸಪ್ಪಳ ಕೇಳಿತು.

ಆಗ ನಮಗೆ ಹೊಳೆಯಿತು. ತಾಯಿಯ ಹೊಟ್ಟೆಯ ಕೆಳಗೆ ಕತ್ತಲು. ಆ ಕತ್ತಲಲ್ಲಿ, ತಲೆ ಎತ್ತಿದಲ್ಲಿ, ಹಾಲು. ಹುಟ್ಟಿದ ದಿನವೇ ತಾಯಿ ದೂಡಿದ ಮರಿಗೆ ಇದನ್ನು ಯಾರು ಹೇಳಿದರು? ಈ ಮಾತು ತಲೆಯೊಳಗೆ ಹೊಕ್ಕ ಮೇಲೆ ನಾನು ಮಗ್ಗ ಬಿಟ್ಟು ಎದುರು ಮನೆಗೆ ನಡೆದೆ. ತಡೆಯಲಾರದೆ ಮಾಸ್ತರರಿಗೂ ಹೇಳಿದೆ.

"ಕತ್ತಲ್ದಾಗ ತಾನಾಗೇ ಕಲೀತೈತಿ ನೋಡ್ರಿ ಮಾಸ್ತರ್ರ!"

ಅವರು ಒಪ್ಪಲಿಲ್ಲ. "ನನ್ನ ಸಾಲ್ಯಾಗೂ ಕತ್ತಲಿತ್ತಲ್ಲೋ ತಮ್ಮಾ. ಒಬ್ಬರೂ ಏನೂ ಕಲೀಲಿಲ್ಲ."

೪. ಬಾಣಂತಿ

ಕೆರೂರಿನಲ್ಲಿ ತನ್ನ ಬಸುರಿ ತಂಗಿಯ ಕುಬಸದ ಶಾಸ್ತ್ರ ಇದೆ ಎಂದು ಹೆಂಡತಿ ಬೆಳಗಿನ ಬಸ್ಸಿಗೆ ಹೋದಳು. ಚಾಚಿ ಸಂತೆಗೆ. ಮನೆಯಲ್ಲಿ ನಾನು, ಮಗ್ಗ, ಮರಿ. ಅದಕ್ಕೆ ಹಿಂದಿನ ದಿನದಿಂದ ಸ್ವಲ್ಪ ಭೇದಿಯಾಗಿ ಮತ್ತೆ ಕಾಲು ಸೋತಿದ್ದವು. "ಹಾಲು ಬಿಡಸಬ್ಯಾಡ್ರಿ, ಬಿಡಿಸಿದ್ರ ಕೈಗೆ ಹತ್ತಂಗಿಲ್ಲ" ಎಂದು ಹೆಂಡತಿ ಬಸ್ಸು ಹತ್ತುವಾಗಲೂ ಹೇಳಿದ್ದಳು.

ಗುಂಡಿಯಲ್ಲಿಟ್ಟೆ, ಒಲ್ಲೆ ಎಂದಿತು. ಟವೆಲ್ ಹೊದಿಸಿದೆ, ಕೌದಿ ಹೊದಿಸಿದೆ, ಒಲ್ಲೆ. ಹೆಬ್ಬೆರಳು ಕೊಟ್ಟೆ, ಅದನ್ನೂ ಒಲ್ಲೆ. ಈಗ ಅದಕ್ಕೆ ಹೆಂಡತಿಯ ಸೀರೆಯ ವಾಸನೆಯೇ ಬೇಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕೂಗುವುದನ್ನೂ ಬಿಟ್ಟಿತು. ನನಗೆ ಹೆದರಿಕೆಯಾಯಿತು. ಗೂಟದ ಮೇಲೆ ಅವಳು ಬಿಚ್ಚಿಟ್ಟು ಹೋದ ಸೀರೆ ಇತ್ತು. ಅತ್ತಿತ್ತ ನೋಡಿ ತೆಗೆದುಕೊಂಡೆ.

ಬುದ್ಧಿ ಬಂದಾಗಿನಿಂದ ಸೀರೆ ನೇಯ್ದವನಿಗೆ ಅದನ್ನು ಉಡುವುದು ಗೊತ್ತಿರಲಿಲ್ಲ. ನಿರಿಗೆ ಹಿಡಿದರೆ ಸೆರಗು ಜಾರುತ್ತಿತ್ತು, ಸೆರಗು ಹಿಡಿದರೆ ನಿರಿಗೆ. ಕೊನೆಗೆ ಹೇಗೋ ಸುತ್ತಿಕೊಂಡು, ತಲೆಯ ಮೇಲಿಂದ ಕೆಂಪು ಸೆರಗನ್ನು ಮಡಿಲ ತನಕ ಇಳಿಬಿಟ್ಟು, ಒಳಗೆ ಮರಿಯನ್ನು ನಿಲ್ಲಿಸಿ ಬಾಟಲಿ ಹಿಡಿದೆ. ಒಂದು ಗುದ್ದು. ಎರಡು ಗುದ್ದು. ಹಿಡಿಯಿತು! ಸೆರಗಿನ ಹೊರಗೆ ಉಳಿದಿದ್ದ ಪುಟ್ಟ ಬಾಲ ಗರಗರ ಅಲ್ಲಾಡತೊಡಗಿತು. ಬದುಕಬೇಕೆಂದು ಹೊರಟ ಜೀವದ ಮುಂದೆ ನನ್ನ ಮಾನ ಯಾವ ಲೆಕ್ಕ ಎನ್ನಿಸಿತು.

ಅದೇ ಹೊತ್ತಿಗೆ ಬಾಗಲಕೋಟೆಯಿಂದ ಸೀರೆ ಕೊಳ್ಳಲು ಒಬ್ಬ ತಾಯಿ, ಆಕೆಯ ಇಬ್ಬರು ಹೆಣ್ಣುಮಕ್ಕಳು ಒಳಗೆ ಬಂದರು. ನೋಡಿದರೆ ಕೂತವನು ನಾನು: ಇಷ್ಟು ದಪ್ಪ ಮೀಸೆ, ಅದರ ಮೇಲೆ ಸೆರಗು.

"ಏಳಾಕ ಬರಂಗಿಲ್ರಿ ಅಮ್ಮಾರ" ಎಂದು ಪಿಸುಗುಟ್ಟಿದೆ. "ಮುಂಜಾನಿಂದ ಒಂದು ಹನಿ ಕುಡಿದಿಲ್ಲ. ಈಗ ಹಿಡದೈತಿ. ಅಲುಗಾಡಿದ್ರ ಬಿಡ್ತೈತಿ."

ಕಿರಿಯವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಮೊಬೈಲ್ ತೆಗೆದಳು. ತಾಯಿ ನಗಲಿಲ್ಲ. ಆ ಬಾಲವನ್ನೇ ನೋಡುತ್ತಿದ್ದವರು ಮಗಳ ಕೈಗೆ ಪಟ್ಟನೆ ಹೊಡೆದರು.

"ಫೋನ್ ಒಳಗ ಇಡು. ಬಾಣಂತಿ ಕೂಸಿಗೆ ಹಾಲು ಕುಡಸೂಮುಂದ ಹಂಗ ನೋಡಬಾರದು, ದೃಷ್ಟಿ ಆಗ್ತೈತಿ. ನಡೀರಿ, ಹೊರಗ ಕುಂಡ್ರೋಣು."

ಕದವನ್ನೂ ಎಳೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದ ಮೆಲ್ಲಗೆ ಕೇಳಿಸಿತು: "ಆತೇನವಾ? ಒಳಗ ಬರೋಣೇನು?"

ಸಂಜೆ ಹೆಂಡತಿ ಬಂದಾಗ ಮರಿ ಹೊಟ್ಟೆ ತುಂಬಿಸಿಕೊಂಡು ಅಂಗಳದಲ್ಲಿ ಜಿಗಿಯುತ್ತಿತ್ತು. ಓಣಿಯಲ್ಲಿ ಹಬ್ಬಿದ ಸುದ್ದಿ ಕೇಳಿ ಹಿಂದೆಯೇ ಚಾಚಿ ಬಂದರು, ಕೈಯಲ್ಲಿ ಡಬ್ಬಿ. ಮುಚ್ಚಳ ತೆಗೆದರೆ ತುಪ್ಪದ ವಾಸನೆಯ ಅಂಟಿನುಂಡಿ. ಹೆಂಡತಿ ಕೈ ಮುಂದೆ ಮಾಡಿದಳು. ಚಾಚಿ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು ನನ್ನ ಕೈಗಿಟ್ಟರು.

"ನಿನಗಲ್ಲ ತಂಗಿ. ಬಾಣಂತಿಗೆ ತಂದೇನಿ."