ಅಕ್ಕನ ಗಾಂಧಾರಕ್ಕೆ ಕೆಂಪು ದೀಪ

ಹಸಿರು ಕೆಂಪು ದೀಪಗಳ ಒಡೆಯರೂ ಸರಿ ತಪ್ಪುಗಳ ಏಕೈಕ ತೀರ್ಪುಗಾರರೂ ಆದ ಶ್ರುತಿಮಾಪಕ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ಅಕ್ಕತಂಗಿಯರ ಹೊಲಿಗೆ ಅಂಗಡಿಯ ತಂಗಿ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಭಾವ ತಮ್ಮನ್ನು ಅಕ್ಕನಿಗೆ ಉಡುಗೊರೆಯಾಗಿ ತಂದು ಕತ್ತರಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದ ದಿನದಿಂದ ನಮ್ಮ ಅಂಗಡಿಯ ಕಳೆಯೇ ಬದಲಾಗಿದೆ. ಅದಕ್ಕೂ ಮೊದಲು, ಹೊಲಿಗೆ ಯಂತ್ರದ ಮೋಟಾರು ಗುಂಯ್ ಎಂದರೆ ನಾನು ಅದನ್ನೇ ಷಡ್ಜವೆಂದು ಹಿಡಿಯುತ್ತಿದ್ದೆ, ಅಕ್ಕ ಅದರ ಮೇಲೆ ಗಾಂಧಾರ ಹಿಡಿಯುತ್ತಿದ್ದಳು. ಎರಡೂ ದನಿ ಕೂಡಿ ಅಲುಗದೆ ನಿಂತಾಗ, ಬಟ್ಟೆ ಕೊಡಲು ಬಂದವರು ಅಳತೆ ಹೇಳುವುದನ್ನೇ ಮರೆತು ನಿಲ್ಲುತ್ತಿದ್ದರು. ಅದೇ ಗಾಂಧಾರಕ್ಕೆ ತಾವು ಕೆಂಪು ದೀಪ ತೋರಿಸಿ, ಕೊಂಚ ತಗ್ಗಿದೆ ಎಂದು ತೀರ್ಪು ಕೊಟ್ಟಿರಿ. "ನಂಗೆ ಶ್ರುತಿನೇ ಇಲ್ಲ ಬಿಡೇ, ಇಷ್ಟು ವರ್ಷ ಸುಮ್ನೆ ಅರಚ್ತಿದ್ದೆ" ಎಂದ ಅಕ್ಕ ಆಮೇಲೆ ಹಾಡಿಗೆ ತುಟಿ ಬಿಚ್ಚಿಲ್ಲ.

ತಮ್ಮ ಸಮದೃಷ್ಟಿಯನ್ನು ಹೊಗಳಲು ನನಗಿರುವ ಒಂದು ನಾಲಿಗೆ ಸಾಲದು. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ, ಯಾವ ಸ್ವರದಿಂದ ಹೊರಟರೂ ಹಾಡು ಒಂದೇ ತೆರನಾಗಿ ಕೇಳುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಹಾಡಿನ ನಡುವೆ ಷಡ್ಜ ಬದಲಿಸುವ ದೊಡ್ಡ ವಾದ್ಯವೃಂದಗಳಿಗೆ ಅದು ಬೇಕು, ಒಪ್ಪಿದೆ. ನಾವೋ ಮೋಟಾರಿನ ದನಿ ಬಿಟ್ಟು ಕದಲುವವರಲ್ಲ. ರೆಡಿಮೇಡ್ ಅಂಗಿ ಎಲ್ಲರಿಗೂ ಆಗುತ್ತದೆ, ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಅಕ್ಕನದು ಅಳತೆ ತೆಗೆದು ಹೊಲಿದ ಗಾಂಧಾರ. ತಮ್ಮದಕ್ಕಿಂತ ಕೂದಲೆಳೆಯಷ್ಟು ತಗ್ಗು, ಷಡ್ಜದ ಜೊತೆ ಎಳ್ಳಷ್ಟೂ ಜಗಳವಿಲ್ಲ. ತಾವು ಮೆಚ್ಚುವ ಗಾಂಧಾರವನ್ನೂ ನಾನು ಕಷ್ಟಪಟ್ಟು ಹಾಡಿ ನೋಡಿದೆ; ಅದು ಮೋಟಾರಿನ ದನಿಗೆ ತಾಗಿ ಸಡಿಲ ಗುಂಡಿಯಂತೆ ಅಲುಗಾಡಿತು. ಆಗಲೂ ತಮ್ಮ ಮುಖದಲ್ಲಿ ಹಸಿರೇ! ಆ ಆತ್ಮವಿಶ್ವಾಸದ ಕಾಲು ಪಾಲು ಅಕ್ಕನಿಗಿದ್ದಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ.

ಆದ್ದರಿಂದ ಬಿನ್ನಹವೇನೆಂದರೆ, ಕಿಟಕಿಯ ಮೇಲಿನ ಹಕ್ಕಿ, ತಲೆಯ ಮೇಲಿನ ಫ್ಯಾನು, ಮಹಡಿ ಮನೆಯ ಮಗುವಿನ ಅಳು ಇವನ್ನೂ ತಾವು ದಯವಿಟ್ಟು ಹನ್ನೆರಡು ಪಾಲಿನೊಳಗೆ ತಂದು ಶಿಸ್ತು ಕಲಿಸಬೇಕು. ಅದಾಗದಿದ್ದರೆ ಅಕ್ಕನ ಸ್ಟೂಲಿನ ಮೇಲೆ ತಾವೇ ಕುಳಿತು, ಕಾಲರ್ ಹೊಲಿಯುತ್ತಾ ನನ್ನ ಜೊತೆ ಹಾಡಬೇಕು. ನನಗೆ ಒಬ್ಬಳೇ ಹಾಡಲು ಆಗುತ್ತಿಲ್ಲ, ಮಾನ್ಯರೇ.

ತಮ್ಮ ವಿಶ್ವಾಸಿ,
ಷಡ್ಜ ಹಿಡಿದು ಕಾಯುತ್ತಿರುವ ತಂಗಿ

ತಾ.ಕ.: ಪತ್ರ ಓದಿ ಹೇಳಿದರೂ ತಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ, ತಮ್ಮ ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದ್ದೇನೆ. ದೀಪ ಆರಿದ ತಮ್ಮ ಮುಖ ನೋಡಿ ಅಕ್ಕ ನಕ್ಕಳು, ಮೋಟಾರು ಚಾಲೂ ಮಾಡಿದಳು, ಮೆಲ್ಲಗೆ ಗಾಂಧಾರ ಹಿಡಿದಳು. ಗಡಿಯಾರ ಮಾತ್ರ ಆಗಿನಿಂದ ಕೊಂಚ ಮುಂದೆ ಓಡುತ್ತಿದೆ. ಇರಲಿ ಬಿಡಿ, ತಮ್ಮ ಬ್ಯಾಟರಿಯ ಹುಟ್ಟುಗುಣ. ನಮ್ಮ ಅಂಗಡಿಯಲ್ಲಿ ಯಾರಿಗೂ ಕೆಂಪು ದೀಪ ತೋರಿಸುವುದಿಲ್ಲ.